ಭಾರಲೋಹಗಳ ಮಾಲಿನ್ಯ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು

ಜಪಾನ್ ದೇಶದ ತೊಯಾಮ ಪ್ರಾಂತದಲ್ಲಿ ಜಿನ್‌ಜು ಎಂಬ ನದಿಯೊಂದು ಹರಿಯುತ್ತದೆ. ಬೆಟ್ಟಗಳಿಂದ ಇಳಿದು ಬಯಲನ್ನು ಸೇರುವ ಈ ನದಿಯ ನೀರು ತಲೆತಲಾಂತರದಿಂದ ಅಲ್ಲಿನ ಬತ್ತದ ಗದ್ದೆಗಳಿಗೆ ಆಧಾರವಾಗಿತ್ತು. ನದಿಯ ಮೇಲ್ಭಾಗದಲ್ಲಿ ಕಮಿಯೋಕ ಎಂಬ ಸತು ಮತ್ತು ಸೀಸದ ಗಣಿ ಇತ್ತು. ಅಲ್ಲಿ ಅದಿರನ್ನು ತೊಳೆದ ನೀರು ನದಿಯನ್ನು ಸೇರಿತು. ನದಿಯ ನೀರು ಗದ್ದೆಯನ್ನು ಸೇರಿತು. ಸತುವಿನ ಅದಿರಿನೊಡನೆ ಬೆರೆತಿದ್ದ ಕ್ಯಾಡ್ಮಿಯಂ ಎಂಬ ಲೋಹವು ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಶೇಖರವಾಗಿ, ಬೇರಿನ ಮೂಲಕ ಬತ್ತದ ಕಾಳನ್ನು ಹೊಕ್ಕಿತು. ಆ ಅಕ್ಕಿಯನ್ನು ಉಂಡವರ ಮೂತ್ರಪಿಂಡಗಳು ಕೆಟ್ಟು, ಮೂಳೆಗಳು ಮೆತ್ತಗಾಗಿ, ಸಣ್ಣ ಅಲುಗಾಟಕ್ಕೂ ಮುರಿಯತೊಡಗಿದವು. ಹಲವು ಮಕ್ಕಳನ್ನು ಹೆತ್ತ ವಯಸ್ಸಾದ ತಾಯಂದಿರೇ ಈ ವ್ಯಾಧಿಗೆ ಹೆಚ್ಚಾಗಿ ಈಡಾದರು. ನೋವು ತಾಳಲಾರದೆ ಅವರು ಕೂಗುತ್ತಿದ್ದ "ಇತಾಯ್, ಇತಾಯ್" ಎಂಬ ಮಾತೇ ರೋಗದ ಹೆಸರಾಯಿತು. ಅದರ ಅರ್ಥ "ನೋವು, ನೋವು" ಎಂದು. 1968ರಲ್ಲಿ ಜಪಾನ್ ಸರ್ಕಾರವು ಇದು ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂನಿಂದ ಉಂಟಾದ ರೋಗವೆಂದು ಅಧಿಕೃತವಾಗಿ ಒಪ್ಪಿಕೊಂಡಿತು.

ರೋಗದ ಕಾರಣ ತಿಳಿದರೂ ಗದ್ದೆಗಳು ಶುದ್ಧವಾಗಲಿಲ್ಲ. ಕೆಟ್ಟ ಮೇಲ್ಮಣ್ಣನ್ನು ತಳಕ್ಕೆ ಹೂತು, ಹೊರಗಿನಿಂದ ತಂದ ಒಳ್ಳೆಯ ಮಣ್ಣನ್ನು ಅದರ ಮೇಲೆ ಹರಡುವುದೊಂದೇ ಆಗ ತೋರಿದ ದಾರಿ. ಹೀಗೆ ಸುಮಾರು 860 ಹೆಕ್ಟೇರ್ ಗದ್ದೆಗಳನ್ನು ಸರಿಪಡಿಸುವ ಕಾರ್ಯವು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದು 2012ರಲ್ಲಿ ಮುಕ್ತಾಯವಾಯಿತು. ಧನಬಲವೂ ಯಂತ್ರಬಲವೂ ಇದ್ದ ಒಂದು ದೇಶಕ್ಕೆ ಒಂದು ನದಿಯ ಬಯಲನ್ನು ಶುದ್ಧಿಗೊಳಿಸಲು ಇಷ್ಟು ಕಾಲ ಹಿಡಿಯಿತೆಂದರೆ, ಈ ಸಮಸ್ಯೆಯ ಗಾತ್ರವು ಊಹೆಗೆ ನಿಲುಕೀತು.

ಮಣ್ಣನ್ನು ಅಗೆದು ಸಾಗಿಸದೆ, ಅದು ಇದ್ದಲ್ಲಿಯೇ ಅದನ್ನು ಶುದ್ಧಿಗೊಳಿಸಲು ಸಾಧ್ಯವಿಲ್ಲವೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದ ವಿಜ್ಞಾನಿಗಳು ಮಣ್ಣಿನೊಳಗೇ ನೆಲೆಸಿರುವ ಸೂಕ್ಷ್ಮಜೀವಿಗಳ ಕಡೆಗೆ ತಿರುಗಿದರು. ಅವರಿಗೆ ದೊರೆತ ಉತ್ತರವು ಆಶಾದಾಯಕವಾದುದು. ಆದರೆ ಒಂದು ಎಚ್ಚರಿಕೆಯೂ ಅದರೊಡನೆ ಸೇರಿದೆ. ಇವೆರಡನ್ನೂ ಕೂಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಲೋಹಕ್ಕೆ ನಾಶವಿಲ್ಲ

ಕೊಟ್ಟಿಗೆಯ ಸಗಣಿ, ಅಡಿಗೆಮನೆಯ ಕಸ, ಉದುರಿದ ಎಲೆ ಇವೆಲ್ಲವೂ ಮಣ್ಣಿಗೆ ಬಿದ್ದ ಕೆಲವು ತಿಂಗಳಲ್ಲಿ ಕೊಳೆತು ಗೊಬ್ಬರವಾಗುತ್ತವೆ. ಕೊಳೆಯುವುದೆಂದರೆ ದೊಡ್ಡ ಅಣುಗಳು ಒಡೆದು ಇಂಗಾಲಾಮ್ಲ, ನೀರು ಮುಂತಾದ ಸರಳ ವಸ್ತುಗಳಾಗುವುದು. ಚೆಲ್ಲಿದ ಸೀಮೆಎಣ್ಣೆಯನ್ನೂ ಅನೇಕ ಕೀಟನಾಶಕಗಳನ್ನೂ ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ಹೀಗೆಯೇ ಒಡೆದು ನಿರ್ವಿಷಗೊಳಿಸಬಲ್ಲವು.

ಲೋಹದ ವಿಷಯ ಹಾಗಲ್ಲ. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ಯುರೇನಿಯಂ ಇವು ಮೂಲಧಾತುಗಳು. ಯಾವ ಜೀವಿಯೂ ಇವನ್ನು ಇನ್ನೊಂದು ಧಾತುವನ್ನಾಗಿ ಮಾಡಲಾರದು. ಮಣ್ಣಿಗೆ ಬಿದ್ದ ಒಂದು ತೊಲ ಸೀಸವು ನೂರು ವರ್ಷಗಳ ತರುವಾಯವೂ ಒಂದು ತೊಲ ಸೀಸವೇ. ಆದರೆ ಲೋಹದ ವಿಷಗುಣವು ಅದರ ಪ್ರಮಾಣವನ್ನು ಮಾತ್ರ ಅವಲಂಬಿಸಿಲ್ಲ, ಅದು ಇರುವ ರೂಪವನ್ನೂ ಅವಲಂಬಿಸಿದೆ. ನೀರಿನಲ್ಲಿ ಕರಗುವ ರೂಪದಲ್ಲಿದ್ದರೆ ಅದು ಬಾವಿಯನ್ನು ಸೇರುತ್ತದೆ, ಬೇರನ್ನು ಹೊಗುತ್ತದೆ, ಅನ್ನದ ಮೂಲಕ ದೇಹಕ್ಕೆ ಇಳಿಯುತ್ತದೆ. ಕರಗದ ರೂಪದಲ್ಲಿದ್ದರೆ ಕಲ್ಲಿನ ಚೂರಿನಂತೆ ಇದ್ದಲ್ಲಿಯೇ ಉಳಿಯುತ್ತದೆ.

ಕ್ರೋಮಿಯಂ ಇದಕ್ಕೆ ಒಳ್ಳೆಯ ನಿದರ್ಶನ. ಆರು ಸಂಯೋಜಕತೆಯ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗುವಂಥದು, ಕ್ಯಾನ್ಸರ್ ತರುವಂಥದು. ಮೂರು ಸಂಯೋಜಕತೆಯ ಕ್ರೋಮಿಯಂ ಸಾಮಾನ್ಯ ಮಣ್ಣಿನಲ್ಲಿ ಬಹುಮಟ್ಟಿಗೆ ಕರಗದೆ ನಿಲ್ಲುವಂಥದು. ಅದರ ವಿಷವೂ ಬಹಳ ಕಡಿಮೆ. ತಮಿಳುನಾಡಿನ ರಾಣಿಪೇಟೆಯಲ್ಲಿ, ಮುಚ್ಚಿಹೋದ ಕ್ರೋಮಿಯಂ ರಾಸಾಯನಿಕಗಳ ಕಾರ್ಖಾನೆಯೊಂದು ಬಿಟ್ಟುಹೋದ ತ್ಯಾಜ್ಯದ ರಾಶಿಯಿಂದ ಅಂತರ್ಜಲ ಕೆಟ್ಟುದು ಮೊದಲನೆಯ ರೂಪದ ಕ್ರೋಮಿಯಂನಿಂದ. ಮೊದಲನೆಯದನ್ನು ಎರಡನೆಯದನ್ನಾಗಿ ಮಾರ್ಪಡಿಸಬಲ್ಲ ಬ್ಯಾಕ್ಟೀರಿಯಾಗಳು ಉಂಟೆಂಬುದು 1970ರ ದಶಕದಿಂದಲೂ ತಿಳಿದಿದೆ.

ಆದುದರಿಂದ ಸೂಕ್ಷ್ಮಜೀವಿಗಳಿಂದ ಲೋಹಮಾಲಿನ್ಯವನ್ನು ನಿವಾರಿಸುವುದೆಂದರೆ ಲೋಹವನ್ನು ಇಲ್ಲವಾಗಿಸುವುದಲ್ಲ, ಅದರ ರೂಪವನ್ನು ಬದಲಿಸುವುದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಸೂಕ್ಷ್ಮಜೀವಿಗಳ ಉಸಿರಾಟ

ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳು ಇರಬಹುದು. ಇವುಗಳಿಗೆ ಲೋಹದೊಡನೆ ಏನು ಸಂಬಂಧ ಎಂಬುದನ್ನು ಅರಿಯಲು ಉಸಿರಾಟವೆಂದರೇನು ಎಂಬುದನ್ನು ತುಸು ನೋಡಬೇಕು.

ಪ್ರತಿಯೊಂದು ಜೀವಿಯೂ ಆಹಾರವನ್ನು ಒಡೆದು ಶಕ್ತಿಯನ್ನು ಪಡೆಯುತ್ತದೆ. ಹಾಗೆ ಒಡೆಯುವಾಗ ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಇವನ್ನು ಬೇರೆ ಯಾವುದಾದರೂ ವಸ್ತುವಿಗೆ ಒಪ್ಪಿಸದೆ ಕ್ರಿಯೆಯು ಮುಂದುವರಿಯದು. ಮನುಷ್ಯರೂ ಪಶುಪಕ್ಷಿಗಳೂ ಇವನ್ನು ಗಾಳಿಯ ಆಮ್ಲಜನಕಕ್ಕೆ ಒಪ್ಪಿಸುತ್ತಾರೆ. ಉಸಿರಾಟದ ಒಳಗುಟ್ಟು ಇಷ್ಟೆ.

ಆದರೆ ನೀರು ನಿಂತ ಕೆಸರಿನಲ್ಲಿ ಆಮ್ಲಜನಕವು ಬೇಗನೆ ಮುಗಿದುಹೋಗುತ್ತದೆ. ಆಗ ಅಲ್ಲಿನ ಬ್ಯಾಕ್ಟೀರಿಯಾಗಳು ಒಂದೊಂದೇ ಮೆಟ್ಟಿಲನ್ನು ಇಳಿಯುತ್ತ ಬರುತ್ತವೆ. ಮೊದಲು ನೈಟ್ರೇಟ್, ಬಳಿಕ ಮ್ಯಾಂಗನೀಸ್, ಆಮೇಲೆ ಕಬ್ಬಿಣದ ತುಕ್ಕು, ಅನಂತರ ಸಲ್ಫೇಟ್, ಕೊನೆಗೆ ಇಂಗಾಲಾಮ್ಲ: ಇಲೆಕ್ಟ್ರಾನುಗಳನ್ನು ಸ್ವೀಕರಿಸುವ ವಸ್ತುಗಳ ಕ್ರಮವು ಸ್ಥೂಲವಾಗಿ ಹೀಗೆ. ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಬ್ಯಾಕ್ಟೀರಿಯಾಗಳ ಗುಂಪುಗಳು ಮುಂದಾಗುತ್ತವೆ. ಇಲೆಕ್ಟ್ರಾನನ್ನು ಪಡೆದ ವಸ್ತುವು ಅಪಕರ್ಷಣಗೊಂಡಿತೆಂದೂ, ಕಳೆದುಕೊಂಡ ವಸ್ತುವು ಉತ್ಕರ್ಷಣಗೊಂಡಿತೆಂದೂ ರಸಾಯನಶಾಸ್ತ್ರದ ಪಾಠಗಳು ಹೇಳುತ್ತವೆ.

ಕಬ್ಬಿಣದ ಮೆಟ್ಟಿಲಿನಲ್ಲಿ ಬದುಕುವ ಒಂದು ಪ್ರಮುಖ ಜೀವಿಯು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ದೊರೆಯಿತು. ಡೆರೆಕ್ ಲವ್ಲಿ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಇದನ್ನು ಕುರಿತು ಪ್ರಕಟಿಸಿದರು. ಮುಂದೆ ಇದಕ್ಕೆ ಜಿಯೋಬ್ಯಾಕ್ಟರ್ ಎಂಬ ಹೆಸರು ಬಂದಿತು. ಈ ಬ್ಯಾಕ್ಟೀರಿಯಾ ಕಬ್ಬಿಣಕ್ಕೆ ಮಾತ್ರವಲ್ಲ, ನೀರಿನಲ್ಲಿ ಕರಗಿರುವ ಯುರೇನಿಯಂಗೂ ಇಲೆಕ್ಟ್ರಾನುಗಳನ್ನು ಒಪ್ಪಿಸಬಲ್ಲುದೆಂದು 1991ರಲ್ಲಿ ಅದೇ ತಂಡವು ತೋರಿಸಿತು. ಕರಗಿದ ಯುರೇನಿಯಂ ಹಾಗೆ ಇಲೆಕ್ಟ್ರಾನುಗಳನ್ನು ಪಡೆದೊಡನೆ ಕರಗದ ಖನಿಜವಾಗಿ ತಳಕ್ಕೆ ಇಳಿಯುತ್ತದೆ.

ಲೋಹವನ್ನು ಎದುರಿಸುವ ನಾಲ್ಕು ಬಗೆಗಳು

ಸೂಕ್ಷ್ಮಜೀವಿಗಳು ಲೋಹವನ್ನು ಎದುರಿಸುವ ಬಗೆಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು, ಅಂಟಿಸಿಕೊಳ್ಳುವುದು. ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಕೋಶಭಿತ್ತಿಯ ಮೇಲೆ ಋಣವಿದ್ಯುತ್ತಿನ ತಾಣಗಳಿರುತ್ತವೆ. ಧನವಿದ್ಯುತ್ತುಳ್ಳ ಲೋಹದ ಅಯಾನುಗಳು ಅವಕ್ಕೆ ಅಂಟಿಕೊಳ್ಳುತ್ತವೆ. ಸತ್ತ ಕೋಶಗಳೂ ಈ ಕೆಲಸವನ್ನು ಮಾಡಬಲ್ಲವು.

ಎರಡನೆಯದು, ಮೇಲೆ ಹೇಳಿದಂತೆ ಇಲೆಕ್ಟ್ರಾನುಗಳನ್ನು ಕೊಟ್ಟು ಲೋಹದ ಸಂಯೋಜಕತೆಯನ್ನು ಬದಲಿಸುವುದು. ಕ್ರೋಮಿಯಂ ಮತ್ತು ಯುರೇನಿಯಂ ವಿಷಯದಲ್ಲಿ ಇದು ಮುಖ್ಯವಾದುದು.

ಮೂರನೆಯದು, ಗಂಧಕದೊಡನೆ ಕಟ್ಟಿಹಾಕುವುದು. ಸಲ್ಫೇಟಿನ ಮೆಟ್ಟಿಲಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಕೊಳೆತ ಮೊಟ್ಟೆಯ ನಾತವುಳ್ಳ ಈ ಅನಿಲವು ಸತು, ಸೀಸ, ತಾಮ್ರ, ಕ್ಯಾಡ್ಮಿಯಂಗಳೊಡನೆ ಕೂಡಿ ನೀರಿನಲ್ಲಿ ಕರಗದ ಸಲ್ಫೈಡುಗಳಾಗುತ್ತದೆ. ಭೂಮಿಯೊಳಗೆ ಈ ಲೋಹಗಳ ಅನೇಕ ಅದಿರುಗಳು ಇರುವುದೂ ಸಲ್ಫೈಡ್ ರೂಪದಲ್ಲಿಯೇ. ಎಂದರೆ, ಗಣಿಯಿಂದ ಹೊರಬಂದ ಲೋಹವನ್ನು ಈ ಜೀವಿಗಳು ಮತ್ತೆ ಅದಿರಿನ ರೂಪಕ್ಕೇ ತರುತ್ತವೆ.

ನಾಲ್ಕನೆಯದು, ಹೊರದೂಡುವುದು. 1976ರಲ್ಲಿ ಬೆಲ್ಜಿಯಂ ದೇಶದ ಸತುವಿನ ಕಾರ್ಖಾನೆಯೊಂದರ ತೊಟ್ಟಿಯ ಕೆಸರಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಲಾಯಿತು. ಇಂದು ಅದನ್ನು ಕ್ಯುಪ್ರಿಯಾವಿಡಸ್ ಮೆಟಲಿಡ್ಯುರನ್ಸ್ ಎಂದು ಕರೆಯುತ್ತಾರೆ. ಇತರ ಜೀವಿಗಳನ್ನು ಕೊಲ್ಲುವ ಪ್ರಮಾಣದ ಸತು, ಕ್ಯಾಡ್ಮಿಯಂ, ಕೋಬಾಲ್ಟುಗಳ ನಡುವೆ ಇದು ಬದುಕುತ್ತದೆ. ಒಳಹೊಕ್ಕ ಲೋಹವನ್ನು ಕೋಶದಿಂದ ಹೊರಕ್ಕೆ ತಳ್ಳುವ ಪಂಪುಗಳು ಇದರ ಪೊರೆಯಲ್ಲಿರುವುದೇ ಇದಕ್ಕೆ ಕಾರಣ.

ಗಾಜಿನ ಜಾಡಿಯಲ್ಲಿ ಒಂದು ಪಾಠ

ಇವುಗಳಲ್ಲಿ ಮೂರನೆಯ ಬಗೆಯನ್ನು ಯಾವ ಪ್ರೌಢಶಾಲೆಯಲ್ಲಿಯೂ ಹೆಚ್ಚಿನ ಖರ್ಚಿಲ್ಲದೆ ತೋರಿಸಬಹುದು. ಮಣ್ಣಿನ ಬ್ಯಾಕ್ಟೀರಿಯಾಗಳ ಅಧ್ಯಯನದಲ್ಲಿ ಅಗ್ರಗಣ್ಯನಾದ ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ 1880ರ ದಶಕದಲ್ಲಿ ರೂಪಿಸಿದ ವಿಧಾನವಿದು.

ಎತ್ತರವಾದ ಗಾಜಿನ ಜಾಡಿಯೊಂದನ್ನು ತೆಗೆದುಕೊಳ್ಳಬೇಕು. ಕೆರೆಯ ಅಂಚಿನ ಕೆಸರಿಗೆ ಚೂರು ಮಾಡಿದ ಹಳೆಯ ಪತ್ರಿಕೆಯ ಕಾಗದ, ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಮತ್ತು ಒಂದೆರಡು ಚಮಚ ಜಿಪ್ಸಂ ಪುಡಿಯನ್ನು ಬೆರೆಸಿ ಜಾಡಿಯ ಮುಕ್ಕಾಲು ಭಾಗದಷ್ಟು ತುಂಬಬೇಕು. ಕಾಗದವು ಬ್ಯಾಕ್ಟೀರಿಯಾಗಳಿಗೆ ಆಹಾರ. ಜಿಪ್ಸಂ ಸಲ್ಫೇಟಿನ ಮೂಲ. ಅದರ ಮೇಲೆ ನಾಲ್ಕು ಬೆರಳಿನಷ್ಟು ಕೆರೆಯ ನೀರನ್ನು ಹಾಕಿ, ಬಾಯನ್ನು ಸಡಿಲವಾಗಿ ಮುಚ್ಚಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಬೇಕು.

ಕೆಲವು ವಾರಗಳಲ್ಲಿ ಕೆಸರಿನ ತಳಭಾಗವು ಅಲ್ಲಲ್ಲಿ ಕಪ್ಪಾಗತೊಡಗುತ್ತದೆ. ಕೆಸರಿನಲ್ಲಿದ್ದ ಕಬ್ಬಿಣವು ಬ್ಯಾಕ್ಟೀರಿಯಾಗಳು ಉಂಟುಮಾಡಿದ ಸಲ್ಫೈಡಿನೊಡನೆ ಕೂಡಿ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗಿರುತ್ತದೆ. ಬತ್ತದ ಗದ್ದೆಯಲ್ಲಿ ಕಾಲಿಟ್ಟಾಗ ಮೇಲೇಳುವ ಕಪ್ಪು ಕೆಸರಿನ ಬಣ್ಣಕ್ಕೂ ಅದರ ನಾತಕ್ಕೂ ಇದೇ ಕಾರಣವೆಂದು ವಿದ್ಯಾರ್ಥಿಗಳಿಗೆ ಹೇಳಬಹುದು.

ಪಾಠವು ಇಲ್ಲಿಗೆ ಮುಗಿಯಬಾರದು. ಆ ಕಪ್ಪು ಕೆಸರನ್ನು ಬಯಲಿನಲ್ಲಿ ಹೊರತೆಗೆದು ಬಿಳಿಯ ತಟ್ಟೆಯ ಮೇಲೆ ತೆಳುವಾಗಿ ಹರಡಿ ಗಾಳಿಗಿಟ್ಟರೆ, ಅದು ಕ್ರಮೇಣ ಕಪ್ಪನ್ನು ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ಬ್ಯಾಕ್ಟೀರಿಯಾಗಳು ವಾರಗಟ್ಟಲೆ ಕಟ್ಟಿದ್ದನ್ನು ಗಾಳಿಯ ಆಮ್ಲಜನಕವು ಅಲ್ಪಕಾಲದಲ್ಲಿ ಬಿಚ್ಚಿಬಿಡುತ್ತದೆ. ಈ ಎರಡನೆಯ ಭಾಗವು ಮೊದಲನೆಯದಕ್ಕಿಂತ ಮುಖ್ಯವಾದುದು. ಈ ಪ್ರಯೋಗದಲ್ಲಿ ಸೀಸ, ಪಾದರಸಗಳ ಲವಣಗಳನ್ನು ಎಂದಿಗೂ ಬಳಸಕೂಡದು. ಮಣ್ಣಿನಲ್ಲಿ ಸಹಜವಾಗಿರುವ ಕಬ್ಬಿಣವೇ ಸಾಕು.

ರೈಫಲ್ ಪಟ್ಟಣದ ಪ್ರಯೋಗ

ಜಾಡಿಯಲ್ಲಿ ನಡೆಯುವುದು ನೆಲದಡಿಯಲ್ಲಿಯೂ ನಡೆದೀತೇ ಎಂಬುದನ್ನು ಪರೀಕ್ಷಿಸಿದ ಪ್ರಸಿದ್ಧ ಪ್ರಯೋಗವು ಅಮೆರಿಕದ ಕೊಲರಾಡೊ ರಾಜ್ಯದ ರೈಫಲ್ ಎಂಬ ಪಟ್ಟಣದಲ್ಲಿ ನಡೆಯಿತು. ಅಲ್ಲಿ ಕೊಲರಾಡೊ ನದಿಯ ದಡದಲ್ಲಿ ಯುರೇನಿಯಂ ಮತ್ತು ವನೇಡಿಯಂ ಅದಿರನ್ನು ಸಂಸ್ಕರಿಸುವ ಗಿರಣಿಯೊಂದು 1958ರ ವರೆಗೆ ನಡೆದಿತ್ತು. ಮೇಲಿನ ತ್ಯಾಜ್ಯವನ್ನೂ ಮಣ್ಣನ್ನೂ 1990ರ ದಶಕದಲ್ಲಿ ಬೇರೆಡೆಗೆ ಸಾಗಿಸಲಾಯಿತು. ಆದರೆ ಅಂತರ್ಜಲದಲ್ಲಿ ಯುರೇನಿಯಂ ಉಳಿದುಕೊಂಡಿತು.

2002ರಲ್ಲಿ ವಿಜ್ಞಾನಿಗಳು ಅಲ್ಲಿ 20 ಬಾವಿಗಳನ್ನು ಕೊರೆದು, ಅವುಗಳ ಮೂಲಕ ಮೂರು ತಿಂಗಳ ಕಾಲ ಅಸಿಟೇಟನ್ನು ನೆಲದಡಿಗೆ ಇಳಿಸಿದರು. ಅಸಿಟೇಟ್ ಎಂದರೆ ವಿನಿಗರ್‌ನಲ್ಲಿರುವ ಹುಳಿಯ ಲವಣ. ನೀರು ಹರಿದು ಹೋಗುವ ದಿಕ್ಕಿನಲ್ಲಿ 15 ಪರೀಕ್ಷಾ ಬಾವಿಗಳನ್ನು ಇರಿಸಲಾಗಿತ್ತು. ಹೊರಗಿನಿಂದ ಯಾವ ಬ್ಯಾಕ್ಟೀರಿಯಾವನ್ನೂ ತಂದು ಬಿಡಲಿಲ್ಲ. ಅಲ್ಲಿಯೇ ಇದ್ದ ಜೀವಿಗಳಿಗೆ ಆಹಾರವನ್ನು ಮಾತ್ರ ಒದಗಿಸಲಾಯಿತು.

ಫಲಿತಾಂಶವು ಗಮನಾರ್ಹವಾಗಿತ್ತು. ಒಂಬತ್ತೇ ದಿನಗಳಲ್ಲಿ ಕೆಲವೆಡೆ ನೀರಿನ ಯುರೇನಿಯಂ ಇಳಿಯತೊಡಗಿತು. 50 ದಿನಗಳೊಳಗೆ ಕೆಲವು ಪರೀಕ್ಷಾ ಬಾವಿಗಳಲ್ಲಿ ಅದು ನಿಗದಿಯಾದ ಮಿತಿಗಿಂತ ಕೆಳಗಿಳಿಯಿತು. ಆ ದಿನಗಳಲ್ಲಿ ನೆಲದಡಿಯಲ್ಲಿ ಜಿಯೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾಗಳು ವಿಪುಲವಾಗಿ ಬೆಳೆದಿದ್ದವು.

ಆದರೆ ಅಸಿಟೇಟನ್ನು ಇಳಿಸುವುದು 50 ದಿನಗಳನ್ನು ಮೀರಿ ಮುಂದುವರಿದಂತೆ ಪರಿಸ್ಥಿತಿ ಬದಲಾಯಿತು. ಸಲ್ಫೇಟಿನ ಮೆಟ್ಟಿಲಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಪ್ರಬಲವಾಗಿ, ಜಿಯೋಬ್ಯಾಕ್ಟರ್‌ಗಳು ಹಿಂದೆ ಬಿದ್ದವು. ಯುರೇನಿಯಂ ಪ್ರಮಾಣವು ಮತ್ತೆ ಏರತೊಡಗಿತು. ಆಹಾರವನ್ನು ಕೊಟ್ಟರೆ ಸಾಲದು, ಅದನ್ನು ಉಣ್ಣುವವರು ಯಾರು ಎಂಬುದನ್ನೂ ನೋಡುತ್ತಿರಬೇಕೆಂಬುದು ಇದರಿಂದ ತಿಳಿಯಿತು. ಅಲ್ಲದೆ, ಘನರೂಪಕ್ಕೆ ಬಂದ ಯುರೇನಿಯಂ ನೆಲದಡಿಯಲ್ಲಿಯೇ ಉಳಿದಿರುತ್ತದೆ. ಅದರ ವಿಕಿರಣಗುಣವು ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಆಮ್ಲಜನಕ ಅಥವಾ ನೈಟ್ರೇಟ್ ಬೆರೆತ ನೀರು ಅಲ್ಲಿಗೆ ಹರಿದುಬಂದರೆ ಅದು ಮತ್ತೆ ಕರಗಬಲ್ಲದು. ತಟ್ಟೆಯ ಮೇಲಿನ ಕೆಸರು ಕಂದಾದ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ.

ಬುಡೆಲ್‌ನ ಸತುವಿನ ಕಾರ್ಖಾನೆ

ಕಟ್ಟಿದ ಲೋಹವನ್ನು ನೆಲದಲ್ಲಿಯೇ ಬಿಡದೆ ಹೊರತೆಗೆದರೆ ಈ ಭಯವು ಇರುವುದಿಲ್ಲ. ನೆದರ್ಲೆಂಡ್ಸ್ ದೇಶದ ಬುಡೆಲ್-ಡೊರ್‌ಪ್ಲೈನ್ ಎಂಬಲ್ಲಿ ಈ ಮಾರ್ಗವನ್ನು ಅನುಸರಿಸಲಾಯಿತು. ಅಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಸ್ಥಾಪಿತವಾದ ಸತುವಿನ ಕಾರ್ಖಾನೆಯಿಂದಾಗಿ ಸುತ್ತಲಿನ ಅಂತರ್ಜಲದಲ್ಲಿ ಸತು, ಕ್ಯಾಡ್ಮಿಯಂ ಮತ್ತು ಸಲ್ಫೇಟುಗಳು ಸೇರಿಕೊಂಡಿದ್ದವು.

ಆ ನೀರನ್ನು ಮೇಲಕ್ಕೆತ್ತಿ ದೊಡ್ಡ ತೊಟ್ಟಿಗಳಲ್ಲಿ ಸಲ್ಫೇಟ್ ಬ್ಯಾಕ್ಟೀರಿಯಾಗಳಿಗೆ ಒಪ್ಪಿಸುವ ಸ್ಥಾವರವು 1992ರಲ್ಲಿ ಕಾರ್ಯಾರಂಭ ಮಾಡಿತು. ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಮದ್ಯಸಾರವನ್ನು ಕೊಡಲಾಯಿತು. ನೀರಿನಲ್ಲಿದ್ದ ಸತುವು ಸಲ್ಫೈಡ್ ಆಗಿ ತಳಕ್ಕಿಳಿಯಿತು. ಮಿಕ್ಕ ಸಲ್ಫೈಡನ್ನು ಬೇರೊಂದು ಗುಂಪಿನ ಬ್ಯಾಕ್ಟೀರಿಯಾಗಳು ಗಂಧಕವಾಗಿ ಮಾರ್ಪಡಿಸಿದವು. ಸಂಗ್ರಹವಾದ ಸತುವಿನ ಸಲ್ಫೈಡನ್ನು ಅದೇ ಕಾರ್ಖಾನೆಯಲ್ಲಿ ಮತ್ತೆ ಕಚ್ಚಾವಸ್ತುವಾಗಿ ಬಳಸಲಾಯಿತು. ನೀರಿಗೆ ಹೋದ ಲೋಹವು ಹೀಗೆ ಹೊರಟ ಕಾರ್ಖಾನೆಗೇ ಮರಳಿ ಬಂದಿತು. ಇದಕ್ಕೆ ತೊಟ್ಟಿ, ಪಂಪು, ಆಹಾರ, ನುರಿತ ಕೆಲಸಗಾರರು ಇವೆಲ್ಲವೂ ಬೇಕು. ಖರ್ಚು ಕಡಿಮೆಯದಲ್ಲ. ಆದರೆ ಲೋಹವು ಎಲ್ಲಿದೆ ಎಂಬುದು ಯಾವಾಗಲೂ ತಿಳಿದಿರುತ್ತದೆ.

ಬಂಗಾಳದ ಎಚ್ಚರಿಕೆ

ರೈಫಲ್ ಮತ್ತು ಬುಡೆಲ್‌ಗಳ ವೃತ್ತಾಂತವನ್ನು ಓದಿದವರಿಗೆ, ಕೆಟ್ಟ ನೆಲವೆಲ್ಲಕ್ಕೂ ಬ್ಯಾಕ್ಟೀರಿಯಾಗಳ ಆಹಾರವನ್ನು ಸುರಿದರೆ ಸಾಕೆಂದು ತೋರಬಹುದು. ಈ ಭಾವನೆಯು ಎಷ್ಟು ಅಪಾಯಕರವೆಂಬುದನ್ನು ಬಂಗಾಳವು ತೋರಿಸುತ್ತದೆ.

ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳು ಹಿಮಾಲಯದಿಂದ ಹೊತ್ತುತಂದ ಮೆಕ್ಕಲುಮಣ್ಣಿನ ಕಣಗಳ ಮೇಲೆ ತುಕ್ಕಿನ ಲೇಪವಿದೆ. ಆ ಲೇಪಕ್ಕೆ ಆರ್ಸೆನಿಕ್, ಎಂದರೆ ಜನರು ಪಾಷಾಣವೆಂದು ಕರೆಯುವ ವಿಷದ ಧಾತುವು, ಅಂಟಿಕೊಂಡಿದೆ. ಇದು ಪೂರ್ಣಾರ್ಥದಲ್ಲಿ ಲೋಹವಲ್ಲ, ಲೋಹಸದೃಶ ಧಾತು. ಆದರೂ ಮಾಲಿನ್ಯದ ವಿಚಾರದಲ್ಲಿ ಇದನ್ನು ಭಾರಲೋಹಗಳೊಡನೆ ಎಣಿಸುವುದು ರೂಢಿ. ಕೆರೆಕುಂಟೆಗಳ ನೀರಿನಿಂದ ಹರಡುತ್ತಿದ್ದ ಕಾಲರಾ, ಅತಿಸಾರಗಳನ್ನು ತಪ್ಪಿಸಲೆಂದು ಆ ಪ್ರದೇಶದಲ್ಲಿ ಲಕ್ಷಾಂತರ ಕೊಳವೆ ಬಾವಿಗಳನ್ನು ತೋಡಲಾಯಿತು. 1983ರಲ್ಲಿ ಕಲ್ಕತ್ತೆಯ ಚರ್ಮರೋಗ ತಜ್ಞರಾದ ಕೆ. ಸಿ. ಸಾಹಾ ಅವರು ಅಂಥ ನೀರನ್ನು ಕುಡಿದವರ ಚರ್ಮದ ಮೇಲಿನ ಗುರುತುಗಳು ಪಾಷಾಣದವೆಂದು ಪತ್ತೆಹಚ್ಚಿದರು. 1993ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲಿಯೂ ಅದು ಕಂಡುಬಂದಿತು. ಒಳ್ಳೆಯ ಉದ್ದೇಶದಿಂದ ತೋಡಿದ ಬಾವಿಗಳಿಂದಲೇ ಕೋಟ್ಯಂತರ ಜನ ವಿಷಕ್ಕೆ ಒಡ್ಡಲ್ಪಟ್ಟರು.

ಮಣ್ಣಿಗೆ ಅಂಟಿಕೊಂಡಿದ್ದ ಪಾಷಾಣವು ನೀರಿಗೆ ಬಂದುದಾದರೂ ಹೇಗೆ? ಪಶ್ಚಿಮ ಬಂಗಾಳದ ಕೆಸರನ್ನು ಗಾಳಿಯಿಲ್ಲದ ಸೀಸೆಗಳಲ್ಲಿಟ್ಟು ನಡೆಸಿದ ಪ್ರಯೋಗದ ವಿವರವು 2004ರಲ್ಲಿ ಪ್ರಕಟವಾಯಿತು. ಅದಕ್ಕೆ ಅಸಿಟೇಟನ್ನು ಬೆರೆಸಿದಾಗ ಕಬ್ಬಿಣವನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಚುರುಕಾದವು. ತುಕ್ಕು ಅಪಕರ್ಷಣಗೊಂಡಿತು, ಅದರ ಬೆನ್ನಲ್ಲಿಯೇ ಪಾಷಾಣವು ನೀರಿಗೆ ಬಿಡುಗಡೆಯಾಯಿತು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ರೈಫಲ್‌ನಲ್ಲಿ ಕೊಟ್ಟ ಆಹಾರವೇ ಇಲ್ಲಿಯೂ ಕೊಟ್ಟದ್ದು. ಅಲ್ಲಿ ಚುರುಕಾದುದು ಕಬ್ಬಿಣದ ಮೆಟ್ಟಿಲಿನ ಜೀವಿಗಳು. ಇಲ್ಲಿ ಚುರುಕಾದುದೂ ಅವೇ. ಅಲ್ಲಿ ವಿಷವು ನೀರಿನಿಂದ ಮಣ್ಣಿಗೆ ಇಳಿಯಿತು. ಇಲ್ಲಿ ಮಣ್ಣಿನಿಂದ ನೀರಿಗೆ ಏರಿತು. ಯುರೇನಿಯಂ ಇಲೆಕ್ಟ್ರಾನನ್ನು ಪಡೆದು ಘನವಾಗುತ್ತದೆ. ಪಾಷಾಣವಾದರೋ ತನ್ನನ್ನು ಹಿಡಿದಿದ್ದ ತುಕ್ಕು ಕರಗಿದೊಡನೆ ಆಸರೆಯಿಲ್ಲದೆ ನೀರಿಗೆ ಬೀಳುತ್ತದೆ. ಬ್ಯಾಕ್ಟೀರಿಯಾಗಳಿಗೆ ಮನುಷ್ಯನ ಹಿತವೂ ತಿಳಿಯದು, ಅಹಿತವೂ ತಿಳಿಯದು. ಅವು ಬದುಕುತ್ತವೆ, ಅಷ್ಟೆ.

ಪಾದರಸದ ಎರಡು ಮುಖಗಳು

ಪಾದರಸದ ವಿಷಯದಲ್ಲಿಯೂ ಹೀಗೆಯೇ. ಅನೇಕ ಬ್ಯಾಕ್ಟೀರಿಯಾಗಳು ಪಾದರಸದ ವಿಷಲವಣವನ್ನು ಲೋಹರೂಪದ ಪಾದರಸವನ್ನಾಗಿ ಮಾರ್ಪಡಿಸಿ ಆವಿಯಾಗಿ ಹೊರಬಿಡುತ್ತವೆ. ಇದಕ್ಕೆ ಬೇಕಾದ ಕಿಣ್ವವನ್ನು ರೂಪಿಸುವ ವಂಶವಾಹಿಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಮಣ್ಣೇನೋ ಶುದ್ಧವಾಗುತ್ತದೆ, ಆದರೆ ಪಾದರಸವು ಗಾಳಿಯನ್ನು ಸೇರಿ ಬೇರೆಲ್ಲಿಯೋ ಇಳಿಯುತ್ತದೆ.

ಇನ್ನೊಂದು ಮುಖವು ಇದಕ್ಕಿಂತ ಘೋರವಾದುದು. ಕೆಸರಿನಲ್ಲಿರುವ ಜೀವಿಗಳು ಪಾದರಸಕ್ಕೆ ಇಂಗಾಲದ ಗುಂಪೊಂದನ್ನು ಜೋಡಿಸಿ ಮೀಥೈಲ್ ಪಾದರಸವನ್ನಾಗಿ ಮಾಡಬಲ್ಲವೆಂದು 1969ರಲ್ಲಿ ಸ್ವೀಡನ್ನಿನ ಯೆನ್ಸೆನ್ ಮತ್ತು ಯೆರ್ನೆಲೋವ್ ಎಂಬ ವಿಜ್ಞಾನಿಗಳು ತೋರಿಸಿದರು. ಜಪಾನಿನ ಮಿನಮಾಟದಲ್ಲಿ ಮೀನನ್ನು ಉಂಡ ಜನರ ನರಗಳನ್ನು ಕೆಡಿಸಿದ ವಿಷವು ಇದೇ ಮೀಥೈಲ್ ಪಾದರಸ. ಅಲ್ಲಿ ಅದು ಕಾರ್ಖಾನೆಯ ಒಳಗೇ ಉತ್ಪನ್ನವಾಗಿ ಸಮುದ್ರಕ್ಕೆ ಹರಿದಿತ್ತು. ಅದನ್ನೇ ಕೆಸರಿನೊಳಗೆ ಸಿದ್ಧಪಡಿಸಬಲ್ಲವು ಮುಖ್ಯವಾಗಿ ಸಲ್ಫೇಟಿನ ಮತ್ತು ಕಬ್ಬಿಣದ ಮೆಟ್ಟಿಲಿನ ಬ್ಯಾಕ್ಟೀರಿಯಾಗಳು. ಜಿಯೋಬ್ಯಾಕ್ಟರ್‌ಗಳಲ್ಲಿಯೂ ಕೆಲವು ಈ ಕೆಲಸವನ್ನು ಮಾಡುತ್ತವೆ. ಇದಕ್ಕೆ ಕಾರಣವಾದ ಎರಡು ವಂಶವಾಹಿಗಳನ್ನು ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಸತುವಿನ ಮಾಲಿನ್ಯವನ್ನು ತೆಗೆಯಲು ನೆರವಾಗುವ ಜೀವಿವರ್ಗವೇ ಪಾದರಸವಿರುವ ಕೆಸರಿನಲ್ಲಿ ಮಾಲಿನ್ಯವನ್ನು ಇಮ್ಮಡಿ ಅಪಾಯಕರವಾಗಿಸಬಹುದು.

ಗದ್ದೆಯ ನೀರು

ಈ ಎರಡು ಮುಖಗಳೂ ಒಂದೇ ಗದ್ದೆಯಲ್ಲಿ ಎದುರಾಗುವ ಸಂದರ್ಭವೂ ಉಂಟು. ಗದ್ದೆಯಲ್ಲಿ ನೀರು ನಿಂತಿರುವಾಗ ಸಲ್ಫೇಟ್ ಬ್ಯಾಕ್ಟೀರಿಯಾಗಳು ಕ್ಯಾಡ್ಮಿಯಂ ಲೋಹವನ್ನು ಸಲ್ಫೈಡ್ ರೂಪದಲ್ಲಿ ಕಟ್ಟಿಹಾಕುತ್ತವೆ. ನೀರನ್ನು ಬಸಿದೊಡನೆ ಗಾಳಿಯಾಡಿ ಅದು ಬಿಡುಗಡೆಯಾಗಿ ಕಾಳನ್ನು ಸೇರುತ್ತದೆ. ಆದುದರಿಂದ ಕ್ಯಾಡ್ಮಿಯಂ ಇರುವ ಗದ್ದೆಗಳಲ್ಲಿ ತೆನೆ ಹೊರಡುವ ಮೊದಲು ಮೂರು ವಾರ, ಹೊರಟ ಮೇಲೆ ಮೂರು ವಾರ ನೀರನ್ನು ನಿಲ್ಲಿಸಬೇಕೆಂದು ಜಪಾನಿನ ರೈತರಿಗೆ ಸಲಹೆ ನೀಡಲಾಗಿದೆ.

ಆದರೆ ಅದೇ ಮಣ್ಣಿನಲ್ಲಿ ಪಾಷಾಣವೂ ಇದ್ದರೆ, ನಿಂತ ನೀರು ತುಕ್ಕನ್ನು ಕರಗಿಸಿ ಪಾಷಾಣವನ್ನು ಬೇರಿಗೆ ಒಪ್ಪಿಸುತ್ತದೆ. ನೀರು ನಿಲ್ಲಿಸಿದರೆ ಒಂದು ವಿಷ, ಬಸಿದರೆ ಇನ್ನೊಂದು. ಮಣ್ಣಿನಲ್ಲಿ ಯಾವುದು ಎಷ್ಟಿದೆ ಎಂಬುದನ್ನು ಪರೀಕ್ಷಿಸಿ ತಿಳಿಯದ ಹೊರತು ರೈತನಿಗೆ ಸರಿಯಾದ ಸಲಹೆಯನ್ನು ಕೊಡುವುದು ಅಸಾಧ್ಯ. ಮಡೆಯ ಬಾಯನ್ನು ಕಟ್ಟುವುದು ಬಿಚ್ಚುವುದು ಸಣ್ಣ ಕೆಲಸವೆಂದು ತೋರಿದರೂ, ಅದರಿಂದ ಮಣ್ಣಿನೊಳಗೆ ಕೋಟ್ಯಂತರ ಜೀವಿಗಳ ಬಾಳುವೆಯೇ ಬದಲಾಗುತ್ತದೆ.

ಉಪಸಂಹಾರ

ಇದುವರೆಗೆ ಹೇಳಿದುದರಿಂದ ಕೆಲವು ತತ್ತ್ವಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಲೋಹವು ಮಣ್ಣಿಗೆ ಬರುವ ದಾರಿಯನ್ನು ಮುಚ್ಚದೆ ಶುದ್ಧೀಕರಣಕ್ಕೆ ತೊಡಗುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ಎರಡನೆಯದಾಗಿ, ಯಾವ ಲೋಹ, ಯಾವ ರೂಪ, ಅದರ ಜೊತೆಗಿರುವ ಇತರ ಲೋಹಗಳು ಯಾವುವು, ಅಲ್ಲಿನ ನೀರು ಎತ್ತ ಹರಿಯುತ್ತದೆ ಎಂಬುದನ್ನು ತಿಳಿಯದೆ ಯಾವ ಕ್ರಮವನ್ನೂ ಕೈಗೊಳ್ಳಬಾರದು. ಮೂರನೆಯದಾಗಿ, ಬ್ಯಾಕ್ಟೀರಿಯಾಗಳು ಕಟ್ಟಿದ ಗಂಟು ಬಿಚ್ಚಿಹೋಗಬಲ್ಲದು. ಆದುದರಿಂದ ಲೋಹವನ್ನು ಹೊರತೆಗೆಯುವುದು ಸಾಧ್ಯವಿದ್ದಲ್ಲಿ ಅದೇ ಮೇಲು. ಸಾಧ್ಯವಿಲ್ಲದಿದ್ದಲ್ಲಿ ಬಾವಿಗಳ ನೀರನ್ನು ತಲೆಮಾರುಗಳ ಕಾಲ ಪರೀಕ್ಷಿಸುತ್ತಿರುವ ಹೊಣೆಯನ್ನು ಸಮಾಜವು ಹೊರಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕಾರ್ಖಾನೆ, ಗಣಿ, ನೀರು ಸರಬರಾಜು, ಬೇಸಾಯ ಮುಂತಾದ ಕ್ಷೇತ್ರಗಳಲ್ಲಿ ದುಡಿಯುತ್ತಿರುತ್ತಾರೆ. ತ್ಯಾಜ್ಯವನ್ನು ಎಲ್ಲಿ ಬಿಡಬೇಕೆಂಬ ನಿರ್ಧಾರವು ಒಂದಲ್ಲ ಒಂದು ದಿನ ಅವರ ಮುಂದೆ ಬರುವಂಥದು. ಅಂಥ ಹೊತ್ತಿನಲ್ಲಿ, ತರಗತಿಯ ಕಿಟಕಿಯ ಬಳಿ ಕಂಡ ಜಾಡಿಯ ಕಪ್ಪು ಕೆಸರೂ ಗಾಳಿಗಿಟ್ಟಾಗ ಅದು ಮತ್ತೆ ಕಂದಾದ ಬಗೆಯೂ ನೆನಪಿಗೆ ಬಂದರೆ, ಶಿಕ್ಷಕರ ಶ್ರಮ ಸಾರ್ಥಕವಾದಂತೆ. ಜಿನ್‌ಜು ನದಿಯ ಬಯಲಿನಲ್ಲಿ ಮಣ್ಣನ್ನು ಸರಿಪಡಿಸಲು ಮೂರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ತಾಯಂದಿರ ನೋವನ್ನು ಹಿಂದಕ್ಕೆ ಪಡೆಯಲು ಮಾತ್ರ ಯಾವ ಶಾಸ್ತ್ರಕ್ಕೂ ಸಾಧ್ಯವಾಗಲಿಲ್ಲ. ಸೂಕ್ಷ್ಮಜೀವಿಗಳು ಮನುಷ್ಯನಿಗೆ ನೆರವಾಗಬಲ್ಲವು. ಆದರೆ ಅವನ ಬದಲಿಗೆ ಎಚ್ಚರವಾಗಿರುವ ಕೆಲಸವನ್ನು ಅವು ಮಾಡಲಾರವು.